ಉಪಯೋಗಕ್ಕೆ ಬಂದವರು: 1972ರ ಉಗಾಂಡ ಮತ್ತು ಮುಂಬಯಿಯ ನಾವು



ಕನ್ನಡ ವೇದಿಕೆಯ ದತ್ತಿ ಉಪನ್ಯಾಸಕ್ಕೆ ಉಗಾಂಡದ ವಿಷಯವೇ ಎಂದು ಆಮಂತ್ರಣ ಪತ್ರಿಕೆ ನೋಡಿದ ಕೆಲವರು ಕೇಳಿದರು. ಕುಮಾರವ್ಯಾಸನೋ ವಚನವೋ ಇರಬೇಕಾದ ಜಾಗದಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಬಂದು ಕೂತರೆ ಹುಬ್ಬೇರುವುದು ಸಹಜವೇ. ಆದರೆ ಮುಂಬಯಿ ಕನ್ನಡಿಗನ ಬದುಕನ್ನು ಧಾರವಾಡದಿಂದಲೋ ಉಡುಪಿಯಿಂದಲೋ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಊರು ಬಿಟ್ಟು ಹೋಗಿ, ಬೇರೆಯವರ ನೆಲದಲ್ಲಿ ಅಂಗಡಿ ತೆರೆದು, ಎರಡು ಮೂರು ತಲೆಮಾರು ಕಳೆದ ಮೇಲೂ 'ನೀವು ಮೂಲತಃ ಯಾವ ಕಡೆಯವರು?' ಎಂದು ಕೇಳಿಸಿಕೊಳ್ಳುವ ಬೇರೆ ಜನರ ಕಥೆಗಳ ಪಕ್ಕದಲ್ಲಿಟ್ಟಾಗ ಉಳಿದರ್ಧ ಕಾಣುತ್ತದೆ. ಅಂಥ ಕಥೆಗಳಲ್ಲಿ ತೀರ ಕಠೋರವಾದದ್ದು 1972ರಲ್ಲಿ ಭಾರತ ಉಪಖಂಡದ ಮೂಲದ ಏಷ್ಯನ್ನರನ್ನು ಗಡೀಪಾರು ಮಾಡಿದ ಉಗಾಂಡದ್ದು. ಅದರ ಒಂದು ಅಂಕ ನಡೆದದ್ದು ಇದೇ ಊರಿನ ಬಂದರಿನಲ್ಲಿ.

ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ವಲಸೆ ಬಂದವರ ಮೇಲೆ ಕಲ್ಲು ಬಿದ್ದಾಗಲೆಲ್ಲ ಅವರು ಒಂದು ಲೆಕ್ಕ ಒಪ್ಪಿಸುತ್ತಾರೆ: ನಾವು ಈ ಊರಿಗೆ ಎಷ್ಟು ದುಡಿದಿದ್ದೇವೆ, ಎಷ್ಟು ತೆರಿಗೆ ಕಟ್ಟಿದ್ದೇವೆ, ಎಷ್ಟು ಜನರಿಗೆ ಅನ್ನ ಹಾಕಿದ್ದೇವೆ ನೋಡಿ ಎಂದು. ಲೆಕ್ಕ ಸುಳ್ಳಲ್ಲ. ಆದರೆ ಆ ಲೆಕ್ಕ ಯಾರನ್ನೂ ಕಾಪಾಡಿದ್ದಿಲ್ಲ. ಮನುಷ್ಯನನ್ನು ಕಾಪಾಡುವುದು ಅವನ ಹಕ್ಕು. ಅವನಿಂದ ಊರಿಗಾಗುವ ಲಾಭವಲ್ಲ. ಇದನ್ನು ಉಗಾಂಡದ ಒಂದು ವರ್ಷ ಹೇಗೆ ಕಲಿಸಿತು, ಆ ಪಾಠ ನಮಗೆ ಎಲ್ಲಿ ತಟ್ಟುತ್ತದೆ ಎಂಬುದು ಇಂದಿನ ವಿಷಯ.

ಮುಂಬಯಿಯಿಂದ ಮೊಂಬಾಸಕ್ಕೆ

ಪೂರ್ವ ಆಫ್ರಿಕ ನಮಗೆ ದೂರದ ದೇಶ ಎನಿಸುವುದು ವಿಮಾನದ ಕಾಲದಲ್ಲಿ ಹುಟ್ಟಿದವರಿಗೆ. ಹಾಯಿಹಡಗಿನವರಿಗೆ ಅದು ಎದುರು ದಡ. ಮಾನ್ಸೂನ್ ಗಾಳಿ ಒಂದು ಋತುವಿನಲ್ಲಿ ಹೊತ್ತೊಯ್ದು ಇನ್ನೊಂದು ಋತುವಿನಲ್ಲಿ ತಂದು ಬಿಡುತ್ತಿತ್ತು. ಈ ಸಂಚಾರ ಒಮ್ಮುಖವೂ ಆಗಿರಲಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಇಂದು ಕೊಂಕಣಿ, ಕನ್ನಡ ಆಡುವ ಸಿದ್ದಿಗಳ ಹಿರಿಯರು ಆ ದಡದಿಂದ ಬಂದವರು; ಬಹುಪಾಲು ತಮ್ಮ ಇಚ್ಛೆಯಿಂದಲ್ಲ, ಗುಲಾಮರಾಗಿ. ಇತ್ತ ನಮ್ಮ ಕರಾವಳಿಯ ಸರಕೂ ಅತ್ತ ಹೋಯಿತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಉದ್ಯಮ ಬೆಳೆದು, ಮಂಗಳೂರು ಹೆಂಚು ಪೂರ್ವ ಆಫ್ರಿಕದ ಬಂದರು ಪಟ್ಟಣಗಳ ಮಾಡುಗಳನ್ನೂ ಏರಿತು.

ದೊಡ್ಡ ಸಂಖ್ಯೆಯ ವಲಸೆಗೆ ಕಾರಣವಾದದ್ದು ಉಗಾಂಡ ರೈಲ್ವೆ. 1896ರಿಂದ 1901ರವರೆಗೆ ಮೊಂಬಾಸದಿಂದ ವಿಕ್ಟೋರಿಯಾ ಸರೋವರದ ತನಕ ಹಳಿ ಹಾಸಲು ಬ್ರಿಟಿಷರು ಸುಮಾರು 32,000 ಭಾರತೀಯ ಕೂಲಿಗಳನ್ನು ಒಯ್ದರು. ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಮಂದಿ ಅಲ್ಲೇ ಸತ್ತರು. 6,700ರಷ್ಟು ಜನ ಕರಾರು ಮುಗಿದ ಮೇಲೂ ಉಳಿದುಕೊಂಡರು. ಹಳಿಯ ಹಿಂದೆಯೇ ಅಂಗಡಿ ಹೋಯಿತು. ಕಚ್ಛ್, ಸೌರಾಷ್ಟ್ರ, ಚರೋತರದ ಗುಜರಾತಿಗಳು, ಇಸ್ಮಾಯಿಲಿಗಳು, ಗುಮಾಸ್ತಿಕೆಗೆ ಗೋವಾದವರು. ಬ್ರಿಟಿಷ್ ಪೂರ್ವ ಆಫ್ರಿಕದಲ್ಲಿ 1920ರವರೆಗೆ ಚಲಾವಣೆಯಲ್ಲಿದ್ದದ್ದು ರೂಪಾಯಿ. ಕಾನೂನಿಗೆ ಮಾದರಿ ಭಾರತೀಯ ದಂಡ ಸಂಹಿತೆ. ಹೋಗಿಬರುವ ಬಾಗಿಲು ಮುಂಬಯಿ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿಯ ಹಡಗುಗಳು ಇಲ್ಲಿಂದ ಮೊಂಬಾಸ, ಜಾಂಜಿಬಾರ್, ದಾರೆಸ್ಸಲಾಮ್‌ಗೆ ಹೋಗಿಬರುತ್ತಿದ್ದವು. ಅವುಗಳಲ್ಲೊಂದಕ್ಕೆ ಉಗಾಂಡದ ರಾಜಧಾನಿಯದೇ ಹೆಸರು, 'ಕಂಪಾಲ'. ಅದರ ಜೋಡಿ 'ಕರಂಜಾ'.

ಉಗಾಂಡದಲ್ಲಿ ವಸಾಹತು ಸರ್ಕಾರ ಸಮಾಜವನ್ನು ಮೂರು ಅಂತಸ್ತುಗಳಲ್ಲಿ ಕಟ್ಟಿತು. ಆಡಳಿತ ಬಿಳಿಯರಿಗೆ, ಬೇಸಾಯ ಆಫ್ರಿಕನ್ನರಿಗೆ, ನಡುವಿನ ವ್ಯಾಪಾರ ಏಷ್ಯನ್ನರಿಗೆ. ಹತ್ತಿ ಬೆಳೆಯುವವನು ಆಫ್ರಿಕನ್ ರೈತ. ಅದನ್ನು ಕೊಂಡು ಹಿಂಜುವ ಕಾರ್ಖಾನೆ ಭಾರತೀಯನದು. ಬೆಲೆ ಕಟ್ಟುವ ಕಾಯಿದೆ ಬ್ರಿಟಿಷರದು. ರೈತನ ಕಣ್ಣಿಗೆ ದಿನವೂ ಬೀಳುವವನು ತಕ್ಕಡಿ ಹಿಡಿದವನೇ ಹೊರತು ಕಾಯಿದೆ ಬರೆದವನಲ್ಲ. 1945 ಮತ್ತು 1949ರಲ್ಲಿ ಉಗಾಂಡದೊಳಗಿನ ಬುಗಾಂಡ ರಾಜ್ಯದಲ್ಲಿ ಗಲಭೆಯಾಯಿತು. ನಮ್ಮ ಹತ್ತಿಯನ್ನು ನಾವೇ ಹಿಂಜುತ್ತೇವೆ ಎಂಬುದು 1949ರ ಬೇಡಿಕೆಗಳಲ್ಲೊಂದು. 1959ರಲ್ಲಿ ಆಗಸ್ಟಿನ್ ಕಾಮ್ಯ ನೇತೃತ್ವದ ಉಗಾಂಡ ನ್ಯಾಷನಲ್ ಮೂವ್‌ಮೆಂಟ್ ಏಷ್ಯನ್ ಅಂಗಡಿಗಳನ್ನು ಬಹಿಷ್ಕರಿಸಿತು. ಹಳ್ಳಿಗಳ ಅಂಗಡಿಗಳು ಬಾಗಿಲು ಹಾಕಿ ಪಟ್ಟಣಕ್ಕೆ ಬಂದವು. ಅಮೀನ್ ಬಂದ ಮೇಲೆಯೇ ದ್ವೇಷ ಹುಟ್ಟಿತು ಎಂದು ತಿಳಿಯುವುದು ಸರಿಯಲ್ಲ. ದೂರು ಹಳೆಯದು, ಅದರಲ್ಲಿ ನಿಜವೂ ಇತ್ತು. ಅದನ್ನು ಇಲ್ಲಿ ಒತ್ತಿ ಹೇಳದೆ ಮುಂದೆ ಹೋದರೆ ನನ್ನ ವಾದಕ್ಕೆ ಬೆಲೆಯಿರದು.

ಕಾಗದದ ಪೌರತ್ವ

1962ರ ಅಕ್ಟೋಬರ್ 9ರಂದು ಉಗಾಂಡ ಸ್ವತಂತ್ರವಾಯಿತು. ಏಷ್ಯನ್ನರಿಗೆ ಪೌರತ್ವ ಕೇಳಿಕೊಳ್ಳಲು ಎರಡು ವರ್ಷದ ಅವಕಾಶ ಕೊಟ್ಟರು. ಜನರು ಏನು ಮಾಡಿದರು? ಮುಂಬಯಿಯ ಯಾವ ವ್ಯಾಪಾರಿ ಕುಟುಂಬವೂ ಮಾಡಬಹುದಾದದ್ದನ್ನೇ ಮಾಡಿದರು. ಒಬ್ಬ ಅಣ್ಣ ಉಗಾಂಡದ ಪೌರನಾದ, ಅಂಗಡಿಯ ಲೈಸೆನ್ಸಿಗಾಗಿ. ಇನ್ನೊಬ್ಬ ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಂಡ, ಮಕ್ಕಳ ಓದಿಗಾಗಿ. ಅಪ್ಪ ಅಮ್ಮನದು ಭಾರತದ ಪಾಸ್‌ಪೋರ್ಟ್, ಊರಿನ ಮನೆಗಾಗಿ. ಒಂದೇ ಊಟದ ಮೇಜಿನ ಸುತ್ತ ಮೂರು ದೇಶ.

ಇದನ್ನು ಎರಡು ದೋಣಿಯಲ್ಲಿ ಕಾಲಿಡುವುದು ಎಂದು ಆಗ ಹಂಗಿಸಿದವರು ಬಹಳ. ಆದರೆ ಆ ಕಾಗದಗಳಲ್ಲಿ ಯಾವುದನ್ನು ನಂಬಬಹುದಿತ್ತು? ಬ್ರಿಟನ್ 1968ರ ಮಾರ್ಚ್‌ನಲ್ಲಿ ಕಾಮನ್‌ವೆಲ್ತ್ ವಲಸೆ ಕಾಯಿದೆಯನ್ನು ತರಾತುರಿಯಿಂದ ತಂದು, ತಂದೆಯೋ ಅಜ್ಜನೋ ಬ್ರಿಟನ್ನಿನಲ್ಲಿ ಹುಟ್ಟಿರದ ತನ್ನದೇ ಪಾಸ್‌ಪೋರ್ಟಿನವರಿಗೆ ಬಾಗಿಲು ಕಿರಿದುಮಾಡಿತು. ಭಾರತ, ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರು ಬ್ರಿಟನ್ನಿನ ಹೊಣೆ ಎಂದಿತು. ಉಗಾಂಡದ ಪೌರತ್ವ ಪಡೆದವರಿಗೂ ನೆಮ್ಮದಿಯಿರಲಿಲ್ಲ: ಬ್ರಿಟಿಷ್ ಪೌರತ್ವ ತ್ಯಜಿಸಿದ ಪತ್ರವನ್ನು ಮೂರು ತಿಂಗಳೊಳಗೆ ಒಪ್ಪಿಸಬೇಕಿತ್ತು, ತಡವಾದರೆ ಪಡೆದದ್ದೂ ಹೋಗುವಂತಿತ್ತು. 1971ರ ಡಿಸೆಂಬರ್‌ನಲ್ಲಿ ಅಮೀನ್ ಏಷ್ಯನ್ ಮುಖಂಡರ ಸಭೆ ಕರೆದ. ಹಣ ಹೊರಗೆ ಸಾಗಿಸುತ್ತೀರಿ, ತೆರಿಗೆ ಕದಿಯುತ್ತೀರಿ, ನಮ್ಮೊಡನೆ ಬೆರೆಯುವುದಿಲ್ಲ, ಮದುವೆ ಸಂಬಂಧ ಬೆಳೆಸುವುದಿಲ್ಲ ಎಂದು ಆರೋಪಪಟ್ಟಿ ಓದಿದ. ಬಾಕಿಯಿದ್ದ ಸುಮಾರು 12,000 ಪೌರತ್ವದ ಅರ್ಜಿಗಳನ್ನು ರದ್ದು ಮಾಡಿದ. 'ನೀವು ನಮ್ಮವರಾಗಲಿಲ್ಲ' ಎಂಬ ದೂರನ್ನೂ 'ನೀವು ನಮ್ಮವರಾಗುವುದು ಬೇಡ' ಎಂಬ ಆಜ್ಞೆಯನ್ನೂ ಒಂದೇ ಸಭೆಯಲ್ಲಿ ಹೇಳಬಹುದು ಎಂಬುದನ್ನು ಚರಿತ್ರೆ ಅಂದು ಕಂಡಿತು.

1972

ಆ ವರ್ಷವನ್ನು ಒಮ್ಮೆ ತಿಂಗಳುಗಳ ಕ್ರಮದಲ್ಲಿ ನೋಡೋಣ. ಏಷ್ಯನ್ನರ ಗಡೀಪಾರು ಒಂಟಿ ಘಟನೆಯೆಂಬಂತೆ ನಮ್ಮಲ್ಲಿ ನೆನಪಿದೆ. ಅದು ಹಾಗಿರಲಿಲ್ಲ.

1971ರ ಜನವರಿ 25ರಂದು, ಅಧ್ಯಕ್ಷ ಮಿಲ್ಟನ್ ಒಬೊಟೆ ಕಾಮನ್‌ವೆಲ್ತ್ ಸಮಾವೇಶಕ್ಕೆಂದು ಸಿಂಗಪುರಕ್ಕೆ ಹೋಗಿದ್ದಾಗ, ಸೇನಾಧಿಪತಿ ಅಮೀನ್ ಅಧಿಕಾರ ಹಿಡಿದಿದ್ದ. ಆಗ ಅವನ ಬೆನ್ನಿಗಿದ್ದವರಲ್ಲಿ ಇಸ್ರೇಲ್ ಒಂದು. 1972ರ ಫೆಬ್ರವರಿಯಲ್ಲಿ ಅವನು ಲಿಬಿಯಕ್ಕೆ ಹೋಗಿಬಂದ. ಮಾರ್ಚ್‌ನಲ್ಲಿ ಇಸ್ರೇಲಿಗಳನ್ನು ಹೊರಹಾಕಿ ರಾಜತಾಂತ್ರಿಕ ಸಂಬಂಧ ಕಡಿದುಕೊಂಡ. ಆಗಸ್ಟ್ 4ರಂದು ಟೊರೊರೊದ ಸೇನಾ ನೆಲೆಯಲ್ಲಿ ಸೈನಿಕರ ಮುಂದೆ ನಿಂತು, ಬ್ರಿಟಿಷ್ ಪಾಸ್‌ಪೋರ್ಟಿನ ಏಷ್ಯನ್ನರನ್ನು ಬ್ರಿಟನ್ನೇ ಕರೆದೊಯ್ಯಲಿ ಎಂದ. ಮರುದಿನ ಗಡುವು ಹೊರಬಿತ್ತು: 90 ದಿನ. ಕೆಲವೇ ದಿನಗಳಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಪೌರರೂ ಪಟ್ಟಿಗೆ ಸೇರಿದರು. ಉಗಾಂಡದ ಪೌರರೇ ಆದ ಏಷ್ಯನ್ನರೂ ಹೋಗಲಿ ಎಂದು ಒಮ್ಮೆ ಹೇಳಿ, ಆಮೇಲೆ ಹಿಂತೆಗೆದುಕೊಂಡ. ಬದಲಿಗೆ ಅವರ ಕಾಗದ ಪರಿಶೀಲನೆ ಶುರುವಾಯಿತು.

ಸೆಪ್ಟೆಂಬರ್ 2ರಂದು ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜಾನ್ ಅಕೀ ಬುವಾ 400 ಮೀಟರ್ ಹರ್ಡಲ್ಸ್ ಓಟವನ್ನು 47.82 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದ. ಉಗಾಂಡಕ್ಕೆ ಅದು ಮೊದಲ ಒಲಿಂಪಿಕ್ ಚಿನ್ನ. ದೇಶ ಕುಣಿದ ಅದೇ ವಾರದಲ್ಲಿ ಕಂಪಾಲದ ಏಷ್ಯನ್ನರು ಕಚೇರಿಯಿಂದ ಕಚೇರಿಗೆ ಸರದಿಯಲ್ಲಿ ನಿಂತಿದ್ದರು. ಸೆಪ್ಟೆಂಬರ್ 17ರಂದು ಒಬೊಟೆಯ ಬೆಂಬಲಿಗರು ಟಾಂಜಾನಿಯದಿಂದ ನುಗ್ಗಿ ಸೋತರು. ಆಮೇಲೆ ಸೇನೆಯ ಕೈ ಬಿಚ್ಚಿತು. ಸೆಪ್ಟೆಂಬರ್ 21ರಂದು ಮುಖ್ಯ ನ್ಯಾಯಮೂರ್ತಿ ಬೆನೆಡಿಕ್ಟೊ ಕಿವಾನುಕಾರನ್ನು ಹೈಕೋರ್ಟಿನಿಂದಲೇ ಎಳೆದೊಯ್ದರು, ಅವರು ಮರಳಲಿಲ್ಲ. ಬಂಧನದಲ್ಲಿದ್ದ ಒಬ್ಬ ಬ್ರಿಟಿಷ್ ಪ್ರಜೆಯನ್ನು ಬಿಡುವಂತೆ ಆಜ್ಞೆ ಮಾಡಿದ್ದು ಅವರ ತಪ್ಪು. ದೇಶದ ಮೊದಲ ಪ್ರಧಾನಿಯಾಗಿದ್ದವರು ಅವರು. ಅಕ್ಟೋಬರ್‌ನಲ್ಲಿ ಮಕೆರೆರೆ ವಿಶ್ವವಿದ್ಯಾಲಯದ ಕುಲಪತಿ ಫ್ರಾಂಕ್ ಕಲಿಮುಜೊ ಕಾಣೆಯಾದರು. ನವೆಂಬರ್ 8ಕ್ಕೆ ಗಡುವು ಮುಗಿಯಿತು. ಡಿಸೆಂಬರ್‌ನಲ್ಲಿ ಬ್ರಿಟಿಷ್ ಕಂಪೆನಿಗಳನ್ನೂ ಚಹಾ ತೋಟಗಳನ್ನೂ ಸರ್ಕಾರ ವಶಪಡಿಸಿಕೊಂಡಿತು. ಇಷ್ಟಕ್ಕೂ ಇಟ್ಟ ಹೆಸರು 'ಆರ್ಥಿಕ ಯುದ್ಧ'.

ಈ ಕ್ರಮದಲ್ಲಿ ಗಮನಿಸಬೇಕಾದದ್ದು ಒಂದಿದೆ. ಹೊರಗಿನವರನ್ನು ಓಡಿಸಲು ಎಂದು ತೆಗೆದ ಕತ್ತಿ ಎರಡೇ ತಿಂಗಳೊಳಗೆ ಒಳಗಿನವರ ಕುತ್ತಿಗೆಗೆ ಬಂತು. ನ್ಯಾಯಮೂರ್ತಿ, ಕುಲಪತಿ ಇಬ್ಬರೂ ಮಣ್ಣಿನ ಮಕ್ಕಳೇ. ಅಮೀನ್ 1979ರ ಏಪ್ರಿಲ್‌ನಲ್ಲಿ ಓಡಿಹೋಗುವ ಹೊತ್ತಿಗೆ ಸತ್ತ ಉಗಾಂಡದವರ ಸಂಖ್ಯೆಯನ್ನು ಲಕ್ಷಗಳಲ್ಲಿ ಅಂದಾಜಿಸುತ್ತಾರೆ. ಏಷ್ಯನ್ನರು ಆಸ್ತಿ ಕಳೆದುಕೊಂಡರು. ಆಫ್ರಿಕನ್ನರು ಜೀವ ಕಳೆದುಕೊಂಡರು. ಮುಂಬಯಿಯಲ್ಲಿ ಕೂತು ಈ ಕಥೆ ಹೇಳುವಾಗ ಎರಡನೆಯದನ್ನು ಮರೆಯುವುದು ನಮಗೆ ಸುಲಭ. ಮರೆಯಬಾರದು.

ಗಡುವಿನೊಳಗೆ

ಒಂದು ಕುಟುಂಬ ಹೊರಡುವುದೆಂದರೆ ಏನು? ಮೊದಲು ತೆರಿಗೆ ಬಾಕಿಯಿಲ್ಲ ಎಂಬ ಪತ್ರ. ಆಮೇಲೆ ಬ್ಯಾಂಕಿನ ಅನುಮತಿ, ರಾಯಭಾರ ಕಚೇರಿಯ ಮುದ್ರೆ, ಟಿಕೆಟ್. ಕೈಯಲ್ಲಿ ಒಯ್ಯಬಹುದಾದ ಹಣ ಕುಟುಂಬಕ್ಕೆ ಸುಮಾರು 50 ಪೌಂಡ್. ಅಂಗಡಿ, ಮನೆ, ಕಾರು, ಬ್ಯಾಂಕ್ ಖಾತೆಗಳನ್ನು ಒಂದು ನಮೂನೆಯಲ್ಲಿ ಬರೆದುಕೊಟ್ಟು ಹೊರಡಬೇಕು. ಕಂಪಾಲದಿಂದ ಎಂಟೆಬೆ ವಿಮಾನ ನಿಲ್ದಾಣಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್. ನಡುವೆ ಸೈನಿಕರ ತಪಾಸಣೆ ಕಟ್ಟೆಗಳು. ಒಂದೊಂದು ಕಟ್ಟೆಯಲ್ಲೂ ಪೆಟ್ಟಿಗೆ ತೆರೆಯಬೇಕು. ಒಂದು ಕಡೆ ಗಡಿಯಾರ ಹೋಯಿತು, ಇನ್ನೊಂದು ಕಡೆ ಬಳೆ. ಭಾರತಕ್ಕೆ ಹೊರಟ ಅನೇಕರು ರೈಲಿನಲ್ಲಿ ಕೀನ್ಯ ದಾಟಿ ಮೊಂಬಾಸಕ್ಕೆ ಬಂದರು. ಅಜ್ಜ ಹಾಸಿದ ಹಳಿಯ ಮೇಲೆ ಮೊಮ್ಮಗ ವಾಪಸು ಹೊರಟಿದ್ದ. ಅಲ್ಲಿಂದ 'ಕರಂಜಾ', ಶಿಪ್ಪಿಂಗ್ ಕಾರ್ಪೊರೇಷನ್ನಿನ 'ಸ್ಟೇಟ್ ಆಫ್ ಹರಿಯಾಣ'ದಂಥ ಹಡಗುಗಳು. ದಿನಗಟ್ಟಲೆ ಸಮುದ್ರ, ಕೊನೆಗೆ ಮುಂಬಯಿ.

ಹೋದವರು ಎಲ್ಲೆಲ್ಲಿಗೆ? ಬ್ರಿಟನ್ನಿಗೆ 27,000ಕ್ಕೂ ಹೆಚ್ಚು ಮಂದಿ. ಮೊದಲ ವಿಮಾನ ಸೆಪ್ಟೆಂಬರ್ 18ರಂದು ಸ್ಟ್ಯಾನ್‌ಸ್ಟೆಡ್‌ನಲ್ಲಿ ಇಳಿಯಿತು. ಅದೇ ತಿಂಗಳು ಲೆಸ್ಟರ್ ನಗರಸಭೆ ಕಂಪಾಲದ 'ಉಗಾಂಡ ಆರ್ಗಸ್' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಮ್ಮಲ್ಲಿ ಜಾಗವಿಲ್ಲ, ಬರಬೇಡಿ ಎಂದಿತ್ತು. ಕೆನಡ ಆರು ಸಾವಿರಕ್ಕೂ ಮಿಕ್ಕಿ ಜನರನ್ನು ಕರೆಸಿಕೊಂಡಿತು. ಭಾರತಕ್ಕೆ ಬಂದವರು ಕೆಲವು ಸಾವಿರ. ಬಹುಪಾಲು ಗುಜರಾತಿನ ಮೂಲದವರು, ಮುಂಬಯಿ ಅವರಿಗೆ ಇಳಿಯುವ ಮೆಟ್ಟಿಲು. ಗಂಡನದು ಒಂದು ಪಾಸ್‌ಪೋರ್ಟ್, ಹೆಂಡತಿಯದು ಇನ್ನೊಂದು ಆಗಿದ್ದ ಮನೆಗಳು ಒಡೆದು, ಹೆಂಡತಿ ಮಕ್ಕಳು ಇಲ್ಲಿ, ಗಂಡ ಯುರೋಪಿನ ಯಾವುದೋ ಶಿಬಿರದಲ್ಲಿ ಎಂಬಂತಾಯಿತು.

ಮುಂಬಯಿಯಲ್ಲೇ ಹುಟ್ಟಿ, ಕಂಪಾಲದಲ್ಲಿ ಬೆಳೆದ ಒಬ್ಬ ತರುಣ ಆಗ ಮಕೆರೆರೆಯಲ್ಲಿ ಕಲಿಸುತ್ತಿದ್ದ. ಹೆಸರು ಮಹಮೂದ್ ಮಮ್ದಾನಿ. 1946ರಲ್ಲಿ ಹುಟ್ಟಿದ ಅವರು ಲಂಡನ್ನಿನ ನಿರಾಶ್ರಿತರ ಶಿಬಿರ ಸೇರಿ, ಮರುವರ್ಷ 'ಫ್ರಮ್ ಸಿಟಿಜನ್ ಟು ರೆಫ್ಯೂಜಿ' ಎಂಬ ಪುಸ್ತಕ ಬರೆದರು. ಆಮೇಲೆ ಉಗಾಂಡಕ್ಕೇ ಮರಳಿ ದೊಡ್ಡ ರಾಜಕೀಯ ಚಿಂತಕರಾದರು. ಮೂಲನಿವಾಸಿ, ಹೊರಗಿನವ ಎಂಬ ಗೆರೆ ರಕ್ತದಿಂದ ಬಂದದ್ದಲ್ಲ, ವಸಾಹತು ಸರ್ಕಾರ ಕಾನೂನಿನಲ್ಲಿ ಕೊರೆದದ್ದು, ಸ್ವಾತಂತ್ರ್ಯದ ಮೇಲೂ ನಾವು ಅದನ್ನೇ ತಿದ್ದಿತೀಡಿ ಬಳಸುತ್ತೇವೆ ಎಂಬುದು ಅವರ ಬರವಣಿಗೆಯ ಜೀವಾಳ. ಅವರ ಮಗ, ಕಂಪಾಲದಲ್ಲಿ ಹುಟ್ಟಿದ ಜೊಹ್ರಾನ್, 2025ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮೇಯರ್ ಆಗಿ ಆಯ್ಕೆಯಾದರು.

ಈಗ ಮೊದಲು ಹೇಳಿದ ಆ ಲಾಭದ ಲೆಕ್ಕಕ್ಕೆ ಬರೋಣ. ಏಷ್ಯನ್ನರು ಆಗ ಉಗಾಂಡದ ಜನಸಂಖ್ಯೆಯಲ್ಲಿ ಶೇಕಡಾ ಒಂದಕ್ಕೂ ಕಡಿಮೆ. ವ್ಯಾಪಾರದ ಬಹುಪಾಲು ಅವರ ಕೈಯಲ್ಲಿ. ಮುಲ್ಜಿಭಾಯಿ ಮಾಧ್ವಾನಿ ಕಟ್ಟಿದ ಕಾಕಿರಾ ಸಕ್ಕರೆ ಕಾರ್ಖಾನೆ, ನಾನ್‌ಜಿ ಕಾಳಿದಾಸ್ ಮೆಹ್ತಾ ಕಟ್ಟಿದ ಲುಗಾಜಿ ಕಾರ್ಖಾನೆ ದೇಶಕ್ಕೆ ಸಕ್ಕರೆ ಕೊಡುತ್ತಿದ್ದವು. ನಾವಿಲ್ಲದಿದ್ದರೆ ದೇಶ ನಿಂತುಹೋಗುತ್ತದೆ ಎಂದು ಅವರು ನಂಬಿದ್ದರು. ನಂಬಿಕೆ ಸುಳ್ಳಾಗಲಿಲ್ಲ. ಅವರು ಹೋದ ಮೇಲೆ ಅಂಗಡಿಗಳು ಸೈನಿಕರಿಗೂ ಅವರ ಬಂಟರಿಗೂ ಹಂಚಿಹೋದವು. ದಾಸ್ತಾನು ಮುಗಿದ ಮೇಲೆ ತರಿಸುವುದು ಎಲ್ಲಿಂದ ಎಂದು ತಿಳಿಯದೆ ಬಾಗಿಲು ಬಿದ್ದವು. ಕಬ್ಬು ಬೆಳೆಯುವ ದೇಶ ಹೊರಗಿನಿಂದ ಸಕ್ಕರೆ ತರಿಸಿಕೊಂಡಿತು. 1986ರಲ್ಲಿ ಅಧಿಕಾರಕ್ಕೆ ಬಂದ ಮುಸೆವೆನಿ, ಹೋದವರನ್ನು ಕರೆದು ಆಸ್ತಿ ಮರಳಿಸಬೇಕಾಯಿತು. ಆದರೆ 1972ರ ಆಗಸ್ಟ್‌ನಲ್ಲಿ 'ನಾವು ಉಪಯೋಗಕ್ಕೆ ಬರುವವರು' ಎಂಬ ಮಾತು ಒಬ್ಬರನ್ನೂ ಉಳಿಸಲಿಲ್ಲ. ಮಾಧ್ವಾನಿ ಮನೆತನದ ಮನುಭಾಯಿ ಕೆಲವು ವಾರ ಮಕಿಂಡ್ಯೆ ಸೆರೆಮನೆಯಲ್ಲಿದ್ದರು. ಅಷ್ಟೇ ಅಲ್ಲ, ಆ ಮಾತೇ ಆರೋಪವಾಗಿ ತಿರುಗಿತು. ಇಷ್ಟೆಲ್ಲ ನಿಮ್ಮ ಕೈಯಲ್ಲಿದೆ ಎಂದು ನೀವೇ ಒಪ್ಪಿಕೊಂಡಿರಿ, ಅದೇ ನಮ್ಮ ದೂರು ಎಂದರು.

ಅದೇ ಕಾಲದ ಮುಂಬಯಿ

ಈಗ ನಮ್ಮ ಊರಿಗೆ ಬರೋಣ. ಇಸವಿಗಳನ್ನು ಮಾತ್ರ ಅಕ್ಕಪಕ್ಕದಲ್ಲಿಡುತ್ತೇನೆ. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಅದಕ್ಕೂ ಮೊದಲೇ ಅದರ ಸ್ಥಾಪಕರ 'ಮಾರ್ಮಿಕ್' ವಾರಪತ್ರಿಕೆ ಮುಂಬಯಿಯ ಕಂಪೆನಿಗಳಲ್ಲಿ ಕೆಲಸದಲ್ಲಿದ್ದ ದಕ್ಷಿಣ ಭಾರತೀಯರ ಹೆಸರುಗಳ ಪಟ್ಟಿ ಪ್ರಕಟಿಸುತ್ತಿತ್ತು. ದಾದರಿನ ಶಿವಾಜಿ ಪಾರ್ಕಿನಲ್ಲಿ ಶಿವಸೇನೆಯ ಮೊದಲ ದೊಡ್ಡ ಸಭೆ ಅದೇ ವರ್ಷದ ದಸರೆಗೆ. ಲುಂಗಿಯವರನ್ನು ಓಡಿಸಿ ಎಂಬ ಘೋಷಣೆ ಹಿರಿಯರ ಕಿವಿಯಲ್ಲಿ ಇನ್ನೂ ಇದೆ. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ಪ್ರಶ್ನೆಯ ಮೇಲೆ ಗಲಭೆಯೆದ್ದು ನಗರ ದಿನಗಟ್ಟಲೆ ಹೊತ್ತಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಉಡುಪಿ ಹೋಟೆಲುಗಳ ಗಾಜು ಒಡೆಯಿತು. ಉಗಾಂಡದಲ್ಲಿ ಪೌರರಲ್ಲದವರ ವ್ಯಾಪಾರಕ್ಕೆ ಕಡಿವಾಣ ಹಾಕುವ ವ್ಯಾಪಾರ ಲೈಸೆನ್ಸ್ ಕಾಯಿದೆ ಬಂದದ್ದೂ ಅದೇ 1969ರಲ್ಲಿ.

ಆ ಹೋಟೆಲುಗಳಲ್ಲಿ ಕಲ್ಲು ಬಿದ್ದದ್ದು ಯಾರ ಮೇಲೆ? ಗಲ್ಲೆಯ ಮೇಲೆ ಕೂತ ಧಣಿ ಒಬ್ಬ. ಅವನ ಹಿಂದೆ ಕುಂದಾಪುರ, ಬೈಂದೂರು, ಕಾರ್ಕಳದಿಂದ ಬಂದ ಹುಡುಗರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರುಬ್ಬುವ ಕಲ್ಲಿನ ಮುಂದೆ ಕೂರುವವನು, ಕಪ್ಪು ಬಸಿ ತೊಳೆಯುವವನು, ಟೇಬಲ್ ಒರೆಸುವವನು. ರಾತ್ರಿ ಗಿರಾಕಿ ಹೋದ ಮೇಲೆ ಅದೇ ಬೆಂಚುಗಳನ್ನು ಜೋಡಿಸಿ ಮಲಗುವವರು. ಅವರಲ್ಲಿ ಕೆಲವರು ಸಂಜೆ ಎರಡು ಗಂಟೆ ಬಿಡುವು ಕೇಳಿ, ಎಣ್ಣೆ ವಾಸನೆಯ ಅಂಗಿಯಲ್ಲೇ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು. ಮುಂದೆ ಬ್ಯಾಂಕಿಗೆ, ವಕೀಲಿಗೆ, ಸ್ವಂತ ಹೋಟೆಲಿಗೆ ಹೋದರು. ಈ ಸಭೆಯಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಕೂತಿದ್ದೀರಿ.

ಆಗ ನಾವು ಕೊಟ್ಟ ಉತ್ತರ ಯಾವುದು? ಉಗಾಂಡದವರ ಉತ್ತರವೇ. ಅಗ್ಗದ ದರದಲ್ಲಿ ಶುಚಿಯಾದ ಊಟ ಕೊಟ್ಟೆವು, ಮಿಲ್ ಕಾರ್ಮಿಕನ ಬೆಳಗಿನ ಚಹಾ ನಮ್ಮದು, ಜಾತಿ ಕೇಳದೆ ಒಂದೇ ಬೆಂಚಿನಲ್ಲಿ ಕೂರಿಸಿದೆವು. ಎಲ್ಲ ನಿಜ. 1942ರಲ್ಲಿ ಮಾಟುಂಗದಲ್ಲಿ ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಲೆ ಹಾಕುತ್ತಿದೆ. ಆದರೆ ಕಲ್ಲು ಎತ್ತಿದವನು ಮುಂಜಾನೆ ಅಲ್ಲೇ ಇಡ್ಲಿ ತಿಂದಿರಬಹುದು. ಇಡ್ಲಿ ಅವನ ಕೈ ತಡೆಯಲಿಲ್ಲ.

ನಮ್ಮನ್ನು ಉಳಿಸಿದ್ದು

ಹಾಗಾದರೆ ಮುಂಬಯಿ ಕಂಪಾಲ ಆಗಲಿಲ್ಲವೇಕೆ? ಮರಾಠಿಗರು ಉದಾರಿಗಳು, ಕನ್ನಡಿಗರು ಸೌಮ್ಯರು ಎಂಬ ಉತ್ತರ ವೇದಿಕೆಗೆ ಚೆನ್ನ. ನನ್ನ ಉತ್ತರ ಬೇರೆ. ಇಲ್ಲಿ ಯಾವ ಮುಖ್ಯಮಂತ್ರಿಗೂ 90 ದಿನದ ಗಡುವು ಕೊಡುವ ಅಧಿಕಾರವಿರಲಿಲ್ಲ. ಸಂವಿಧಾನದ 19ನೇ ವಿಧಿ, ದೇಶದೊಳಗೆ ಎಲ್ಲಿಗೂ ಹೋಗಲು, ಎಲ್ಲಿಯೂ ನೆಲೆಸಲು, ಯಾವ ವೃತ್ತಿಯನ್ನೂ ಮಾಡಲು ಪೌರನಿಗೆ ಹಕ್ಕು ಕೊಟ್ಟಿದೆ. ಹೋಟೆಲಿನ ಗಾಜು ಒಡೆಯಬಹುದಿತ್ತು. ಹೋಟೆಲನ್ನು ಒಂದು ನಮೂನೆಯಲ್ಲಿ ಬರೆಸಿಕೊಂಡು ಇನ್ನೊಬ್ಬನಿಗೆ ಹಂಚುವಂತಿರಲಿಲ್ಲ. ಕಂಪಾಲದಲ್ಲಿ ಆಜ್ಞೆ ಮಾಡಿದ ನ್ಯಾಯಮೂರ್ತಿಯನ್ನೇ ಎಳೆದೊಯ್ದರು. ಇಲ್ಲಿ ಕೋರ್ಟಿನ ಕಟ್ಟೆ ಏರಿದವನಿಗೆ ತಡವಾಗಿಯಾದರೂ ಬಾಗಿಲು ತೆರೆದಿತ್ತು.

ಎರಡನೆಯದು, ರಾಜಕೀಯದಲ್ಲಿ ನಮ್ಮ ಪಾಲು. ಉಗಾಂಡದ ಏಷ್ಯನ್ನರಲ್ಲಿ ಹೆಚ್ಚಿನವರು ಅಧಿಕಾರ ಇದ್ದವರ ಕೃಪೆ ಸಂಪಾದಿಸಿದರು. ಜನರ ಜೊತೆ ಬೀದಿಗಿಳಿದವರು ಕಡಿಮೆ. ಮುಂಬಯಿಗೆ ಬಂದ ಕರಾವಳಿಗರಲ್ಲಿ ಬೀದಿಗಿಳಿದವರೂ ಇದ್ದರು. ದಕ್ಷಿಣ ಕನ್ನಡ ಮೂಲದ ಪಿ. ಡಿಮೆಲ್ಲೊ ಗೋದಿ ಕಾರ್ಮಿಕರ ಸಂಘ ಕಟ್ಟಿದರು. ಆಫ್ರಿಕದ ಹಡಗುಗಳಿಂದ ಸರಕು ಇಳಿಸಿದ ಹಮಾಲರ ನಾಯಕ ಅವರು. ಬಂದರಿನ ಬದಿಯ ಫ್ರಿಯರ್ ರೋಡ್ ಇಂದು ಪಿ. ಡಿಮೆಲ್ಲೊ ರಸ್ತೆ. ಅವರ ಗರಡಿಯಲ್ಲಿ ಪಳಗಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಹೋಟೆಲ್, ಟ್ಯಾಕ್ಸಿ, ನಗರಪಾಲಿಕೆ ಕೆಲಸಗಾರರನ್ನು ಒಟ್ಟುಗೂಡಿಸಿ 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಬಲಾಢ್ಯ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಪತ್ರಿಕೆಯಲ್ಲಿ ದಕ್ಷಿಣದವರ ಹೆಸರಿನ ಪಟ್ಟಿ ಅಚ್ಚಾಗುತ್ತಿದ್ದ ಕಾಲದಲ್ಲೇ ಮರಾಠಿ ಕಾರ್ಮಿಕ ಮಂಗಳೂರಿನವನಿಗೆ ಮತ ಹಾಕಿದ. ಇದನ್ನು ಅತಿಯಾಗಿ ಹಿಗ್ಗಿಸುವುದೂ ಬೇಡ: ಅದೇ ಚುನಾವಣೆಯಲ್ಲಿ ಈಶಾನ್ಯ ಮುಂಬಯಿಯಲ್ಲಿ ಕೃಷ್ಣ ಮೆನನ್ ಸೋತರು, ಅವರು ಮಲಯಾಳಿ ಎಂಬುದು ಪ್ರಚಾರದ ಮುಖ್ಯ ಅಸ್ತ್ರವಾಗಿತ್ತು. ಆದರೂ ಧಣಿಯ ದಾನಕ್ಕಿಂತ ಸಂಘದ ಸದಸ್ಯತ್ವ ಹೆಚ್ಚು ಗಟ್ಟಿ ಬೇರು ಎಂಬುದಕ್ಕೆ ಜಾರ್ಜ್ ಗೆಲುವು ಸಾಕು.

ಮೂರನೆಯದಾಗಿ ನಮ್ಮ ಸಂಸ್ಥೆಗಳು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ 1926ರ ಮೈಸೂರು ಅಸೋಸಿಯೇಷನ್ ತನಕ, ವಡಾಲದ ಕನ್ನಡ ಶಾಲೆಯಿಂದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ತನಕ. ಇವು ಭಾಷೆಯನ್ನು ಉಳಿಸಿದವು. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ನಮ್ಮ ಸಭಾಂಗಣಗಳಲ್ಲಿ ಮರಾಠಿ ನೆರೆಯವರು ಎಷ್ಟು ಬಾರಿ ಬಂದು ಕೂತಿದ್ದಾರೆ? ಉಗಾಂಡದ ಪ್ರತಿ ಪಟ್ಟಣದಲ್ಲೂ ಜಾತಿಗೊಂದು ಸಮಾಜ, ಸಮಾಜಕ್ಕೊಂದು ಹಾಲ್ ಇತ್ತು. ಎಲ್ಲವೂ ಸುಂದರ, ಎಲ್ಲವೂ ತಮಗೆ ಮಾತ್ರ. ಬೆರೆಯುವುದು ಕಡ್ಡಾಯವಲ್ಲ, ಬೆರೆಯದವನನ್ನು ಓಡಿಸುವ ಹಕ್ಕು ಯಾರಿಗೂ ಇಲ್ಲ. ಆದರೂ ಬಾಗಿಲು ತೆರೆದಿಡುವುದು ನಮ್ಮ ಹಿತಕ್ಕೇ ಒಳ್ಳೆಯದು.

ಬೆಂಗಳೂರಿನಲ್ಲಿ ನಾವು ಯಾರು?

ಇಲ್ಲಿಯವರೆಗಿನ ಮಾತಿಗೆ ಈ ಸಭೆ ತಲೆಯಾಡಿಸುವುದು ಕಷ್ಟವಲ್ಲ. ನಾವು ಇಲ್ಲಿ ಹೊರಗಿನವರು, ಹೊರಗಿನವರ ಹಕ್ಕು ನಮಗೆ ಸಿಹಿ. ಆದರೆ ರೈಲು ಹತ್ತಿ ಬೆಂಗಳೂರಿನಲ್ಲಿ ಇಳಿದ ಕೂಡಲೇ ನಮ್ಮಲ್ಲಿ ಅನೇಕರ ಮಾತು ಬದಲಾಗುತ್ತದೆ.

2024ರ ಜುಲೈ 15ರಂದು ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಮಾಡಿದ ಮೇಲೆ ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಿತು. ವಿರೋಧಿಗಳ ವಾದ ಏನಿತ್ತು? ವಲಸಿಗರಿಂದ ಬೆಂಗಳೂರಿಗೆ ಲಾಭ ಎಂಬ ಅದೇ ಉಪಯೋಗದ ಲೆಕ್ಕ. ಬೆಂಬಲಿಗರ ವಾದ ಏನಿತ್ತು? ನೆಲ, ನೀರು ನಮ್ಮದು, ಕೆಲಸ ಮಾತ್ರ ಬೇರೆಯವರದೇ ಎಂಬುದು. ಈ ಎರಡನೆಯ ಮಾತನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಬುಗಾಂಡದ ಹತ್ತಿ ರೈತ ಕೇಳಿದ್ದೂ ಅದನ್ನೇ. ಕನ್ನಡಿಗರ ಉದ್ಯೋಗದ ಬಗ್ಗೆ ಸರೋಜಿನಿ ಮಹಿಷಿ ಸಮಿತಿ ಎಂಬತ್ತರ ದಶಕದಲ್ಲಿ ಎತ್ತಿದ ಪ್ರಶ್ನೆಗೆ ಇನ್ನೂ ನ್ಯಾಯವಾದ ಉತ್ತರ ಸಿಕ್ಕಿಲ್ಲ.

ಆದರೆ ಆ ಕರಡು ಮಸೂದೆಯಲ್ಲಿ 'ಸ್ಥಳೀಯ' ಎಂದರೆ ಯಾರು ಎಂಬುದನ್ನು ಓದಿ ನೋಡಿ. ರಾಜ್ಯದಲ್ಲಿ ಹುಟ್ಟಿರಬೇಕು, 15 ವರ್ಷ ಅಲ್ಲಿ ನೆಲೆಸಿರಬೇಕು, ಕನ್ನಡ ಮಾತು, ಓದು, ಬರಹ ಬಲ್ಲವನಾಗಿರಬೇಕು. ಇನ್ನು ಮುಲುಂಡಿನಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ ಕಲಿತು, ಯಕ್ಷಗಾನ ನೋಡಿ ಬೆಳೆದ ನಮ್ಮ ಹುಡುಗಿಯನ್ನು ಯೋಚಿಸಿ. ಬೆಂಗಳೂರಿನ ಕರಡಿನ ಪ್ರಕಾರ ಅವಳು ಸ್ಥಳೀಯಳಲ್ಲ; ಮುಂಬಯಿಯ ಬೀದಿಯ ಭಾಷೆಯಲ್ಲಿ ಅವಳು ಪರಪ್ರಾಂತೀಯಳು. ಮೂರು ಪಾಸ್‌ಪೋರ್ಟಿನ ಕಂಪಾಲದ ಮನೆಗಿಂತ ಇದು ಬೇರೆಯೇ? ಖಂಡಿತ ಬೇರೆ. ಅವಳ ಕೈಯಲ್ಲಿ ಇರುವುದು ಒಂದೇ ಪಾಸ್‌ಪೋರ್ಟ್, ಅದರ ಬಲ ಎರಡೂ ಊರುಗಳಲ್ಲಿ ಸಮ. ಆ ಸಮತೆಯನ್ನು ಸವೆಸುವ ಕಾಯಿದೆಗೆ ಬೆಂಗಳೂರಿನಲ್ಲಿ ಚಪ್ಪಾಳೆ ತಟ್ಟಿ, ಮುಂಬಯಿಯಲ್ಲಿ ಅದೇ ಸಮತೆಯ ನೆರಳು ಕೇಳುವುದು ನಡೆಯದ ಮಾತು.

ಪಾಲು ಕೇಳುವುದಕ್ಕೂ ಆಳನ್ನು ಓಡಿಸುವುದಕ್ಕೂ ನಡುವೆ ಗೆರೆಯಿದೆ. ಸ್ಥಳೀಯ ಮಕ್ಕಳಿಗೆ ಒಳ್ಳೆಯ ಶಾಲೆ, ತರಬೇತಿ, ಭೂಮಿ ಕಳಕೊಂಡವರಿಗೆ ಕಾರ್ಖಾನೆಯಲ್ಲಿ ಕೆಲಸ, ಅಂಗಡಿಯಲ್ಲಿ ಊರಿನ ಭಾಷೆಯಲ್ಲಿ ಸೇವೆ ಕೇಳುವುದು ನ್ಯಾಯ. ನನ್ನ ಪ್ರಕಾರ ಮುಂಬಯಿಯಲ್ಲಿ ಮರಾಠಿ ಕಲಿಯದ ಕನ್ನಡಿಗನಿಗೂ ಬೆಂಗಳೂರಿನಲ್ಲಿ ಕನ್ನಡ ಕಲಿಯದ ಹೊರಗಿನವನಿಗೂ ಒಂದೇ ಬುದ್ಧಿಮಾತು ಸಲ್ಲಬೇಕು. ಆದರೆ ಕಲಿಯದವನ ಕೆನ್ನೆಗೆ ಹೊಡೆಯುವುದು, ಪಟ್ಟಿ ಮಾಡುವುದು, ಗಡುವು ಕೊಡುವುದು ಬೇರೆ ಜಾತಿಯ ಕೆಲಸ. 2008ರಲ್ಲಿ ಇದೇ ಮುಂಬಯಿಯಲ್ಲಿ ಉತ್ತರದ ಟ್ಯಾಕ್ಸಿ ಚಾಲಕರನ್ನೂ, ರೈಲ್ವೆ ಪರೀಕ್ಷೆಗೆ ಬಂದ ಹುಡುಗರನ್ನೂ ಬೆನ್ನಟ್ಟಿ ಹೊಡೆದಾಗ ನಮ್ಮಲ್ಲಿ ಕೆಲವರು, ಸದ್ಯ ಈ ಸಲ ನಾವಲ್ಲ ಎಂದು ಉಸಿರುಬಿಟ್ಟರು. ಅವರು ಗಲೀಜು ಮಾಡುತ್ತಾರೆ, ನಾವು ಹಾಗಲ್ಲ, ನಾವು ಊರಿಗೆ ಬೇಕಾದವರು ಎಂದೂ ಹೇಳಿದರು. ಬೇಕಾದವರು, ಬೇಡವಾದವರು ಎಂಬ ವಿಂಗಡಣೆಗೆ ನಾವೇ ಸಹಿ ಹಾಕಿದರೆ, ನಾಳೆ ಆ ಪಟ್ಟಿಯನ್ನು ಯಾರು ಹೇಗೆ ತಿದ್ದುತ್ತಾರೆ ಎಂಬುದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಬ್ರಿಟನ್ ಇಂದು ಉಗಾಂಡದ ಏಷ್ಯನ್ನರನ್ನು ಯಶಸ್ಸಿನ ಮಾದರಿ ಎಂದು ಕೊಂಡಾಡುತ್ತದೆ. ಬರಬೇಡಿ ಎಂದ ಲೆಸ್ಟರ್ ಅವರಿಂದಲೇ ಹೆಸರು ಮಾಡಿತು. ಉಗಾಂಡದಿಂದ ಬಂದ ಕುಟುಂಬದ ಮಗಳು ಪ್ರೀತಿ ಪಟೇಲ್ ಅಲ್ಲಿನ ಗೃಹ ಸಚಿವೆಯಾಗಿ 2020ರಲ್ಲಿ ವಲಸಿಗರ ಅರ್ಹತೆಯನ್ನು ಅಂಕಗಳಲ್ಲಿ ಅಳೆಯುವ ನಿಯಮ ತಂದರು. ನಿಮ್ಮ ತಂದೆ ತಾಯಿಗೆ ಈ ನಿಯಮದಲ್ಲಿ ಪ್ರವೇಶ ಸಿಗುತ್ತಿತ್ತೇ ಎಂಬ ಪ್ರಶ್ನೆಯನ್ನು ಎದುರಿಸಬೇಕಾಯಿತು. ಉಪಯೋಗದ ಲೆಕ್ಕಕ್ಕೆ ಒಮ್ಮೆ ಒಗ್ಗಿದವರು ಅದನ್ನೇ ಮುಂದಿನವರ ಮೇಲೂ ಪ್ರಯೋಗಿಸುತ್ತಾರೆ.

ಈ ದತ್ತಿಯ ಉದ್ದೇಶ ಮುಂಬಯಿಯ ಕನ್ನಡ ಬದುಕಿನ ಬಗ್ಗೆ ಚಿಂತನೆ ಎಂದು ಸಂಘಟಕರು ತಿಳಿಸಿದ್ದರು. ಅದಕ್ಕೆ ನನ್ನದೊಂದು ಸಲಹೆಯಿದೆ. ಮುಂಬಯಿಗೆ ಕನ್ನಡಿಗರ ಕೊಡುಗೆ ಎಂಬ ವಿಷಯದ ಮೇಲೆ ನಾವು ಸಾಕಷ್ಟು ವಿಚಾರ ಸಂಕಿರಣ ನಡೆಸಿದ್ದೇವೆ, ಸ್ಮರಣ ಸಂಚಿಕೆ ತಂದಿದ್ದೇವೆ. ಅದು ನಮ್ಮ ಹೆಮ್ಮೆಯ ವಿಷಯವಾಗಿ ಇರಲಿ. ನಮ್ಮ ವಾಸಕ್ಕೆ ಕೊಡುವ ಜಾಮೀನಾಗುವುದು ಬೇಡ. ಏನನ್ನೂ ಕೊಡದವನಿಗೂ, ಕಪ್ಪು ಬಸಿ ತೊಳೆದು ಊರಿಗೆ ಹಣ ಕಳಿಸಿ ಹೆಸರಿಲ್ಲದೆ ಸತ್ತವನಿಗೂ, ಈ ಊರಿನಲ್ಲಿರಲು ಅಷ್ಟೇ ಹಕ್ಕಿತ್ತು. ಇಂದು ಅದೇ ಹೋಟೆಲಿನ ಅಡುಗೆಮನೆಯಲ್ಲಿ ಕುಂದಾಪುರದ ಹುಡುಗನ ಜಾಗಕ್ಕೆ ಒಡಿಶಾದವನೋ ಬಿಹಾರದವನೋ ನೇಪಾಳದವನೋ ಬಂದಿದ್ದಾನೆ. ಗಲ್ಲೆಯ ಮೇಲೆ ನಾವಿದ್ದೇವೆ. ಇವನು ಇಲ್ಲಿ ಯಾಕಿರಬೇಕು ಎಂದು ಯಾರಾದರೂ ಕೇಳಿದಾಗ, ಒಳ್ಳೆಯ ಕೆಲಸಗಾರ ಎಂದು ಅವನ ಪರ ಶಿಫಾರಸು ಮಾಡುವುದಕ್ಕಿಂತ, ಆ ಪ್ರಶ್ನೆ ಕೇಳುವ ಹಕ್ಕು ನಿಮಗೆ ಯಾರು ಕೊಟ್ಟರು ಎಂದು ತಿರುಗಿ ಕೇಳುವುದು ಒಳ್ಳೆಯದು.